ಮಧುಗಿರಿ ಧನಾಗ್ರ, ಕೊರಟಗೆರೆ ಋಣಾಗ್ರ

ತಾನು ಕಲಿಸುವ ಪಾಠಕ್ಕೆ ತಾನೇ ಹೆದರುವ ಮೇಷ್ಟ್ರು ನಾನೊಬ್ಬನೇ ಇರಲಾರೆ ಎಂಬ ಧೈರ್ಯದ ಮೇಲೆ ಈ ವಿಷಯ ಬಾಯಿ ಬಿಡುತ್ತಿದ್ದೇನೆ. ಚರಿತ್ರೆಯ ಮೇಷ್ಟ್ರು ಯುದ್ಧವೆಂದರೆ ನಡುಗುವವರಾದರೂ ಯಾರಿಗೂ ಗೊತ್ತಾಗುವುದಿಲ್ಲ. ಯುದ್ಧ ಎದ್ದು ತರಗತಿಗೆ ಬರುವುದಿಲ್ಲ. ಭೂಗೋಳದವರು ಸಮುದ್ರವನ್ನೇ ನೋಡದೆ ನಿವೃತ್ತರಾಗಿ, ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ವಿಜ್ಞಾನದ ಮೇಷ್ಟ್ರ ಕಷ್ಟವೇ ಬೇರೆ. ಅವನು ಹೆದರುವ ವಸ್ತು ಅವನ ಮನೆಯ ಗೋಡೆಯ ಮೇಲೇ ಕರೀ ಸ್ವಿಚ್ಚಾಗಿ ಕೂತಿರುತ್ತದೆ. ನನಗೆ ಕರೆಂಟೆಂದರೆ ಭಯ. ಇದಕ್ಕೆ ಚಿಕ್ಕಂದಿನ ಕಹಿ ಅನುಭವ ಗಿನುಭವ ಏನೂ ಕಾರಣವಿಲ್ಲ. ನನಗೆ ಇದುವರೆಗೆ ಒಂದು ಸಲವೂ ಶಾಕ್ ಹೊಡೆದಿಲ್ಲ. ಹೊಡೆಯಲು ನಾನು ಅವಕಾಶ ಕೊಟ್ಟರೆ ತಾನೆ? ಡಿಗ್ರಿಯಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಕಪ್ಪೆ ಕೊಯ್ದು ಹೃದಯ ತೋರಿಸು ಅಂದರೆ ಈಗಲೂ ತೋರಿಸಬಲ್ಲೆ. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಅಂದಮೇಲೆ ಕಪ್ಪೆಗೂ ಅವನೇ, ಕರೆಂಟಿಗೂ ಅವನೇ.

ನಾನಿದ್ದ ಶಾಲೆ ಚನ್ನರಾಯನದುರ್ಗದ ಕಡೆಯ ಒಂದು ಹಳ್ಳಿಯದು. ದೇವರ ದಯದಿಂದ ಆ ಶಾಲೆಗೆ ಕರೆಂಟೇ ಇರಲಿಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಅಯ್ಯೋ ಪಾಪ ಅನ್ನುತ್ತಿದ್ದರು, ನಾನು ಒಳಗೊಳಗೇ ಕೈ ಮುಗಿಯುತ್ತಿದ್ದೆ. ಒಂದು ದಂಡಕಾಂತ, ಒಂದು ದಿಕ್ಸೂಚಿ, ಪ್ರಾಣ ಹೋಗಿದ್ದ ಎರಡು ಟಾರ್ಚ್ ಸೆಲ್ಲು, ಇಷ್ಟೇ ನಮ್ಮ ಪ್ರಯೋಗಶಾಲೆ. ಅದು ಹೆಡ್ಮಾಸ್ಟರ ಬೀರುವಿನ ಕೆಳಗಿನ ಖಾನೆಯಲ್ಲಿ ಗಾಳಿ ಹೋದ ವಾಲಿಬಾಲಿನ ಪಕ್ಕದಲ್ಲಿತ್ತು. ಮಿಕ್ಕದ್ದೆಲ್ಲ ಕಪ್ಪು ಹಲಗೆಯ ಮೇಲೆ. ಎಸ್.ಎಸ್.ಎಲ್.ಸಿ. ಪುಸ್ತಕದ ‘ವಿದ್ಯುತ್ ಮತ್ತು ಕಾಂತತ್ವ’ ಎಂಬ ಪಾಠವನ್ನು ಹನ್ನೊಂದು ವರ್ಷ ನಾನು ಆ ಹಲಗೆಯ ಮೇಲೆ ನಡೆಸಿದೆ. ಸೀಮೆಸುಣ್ಣದಲ್ಲಿ ಬರೆದ ಕರೆಂಟು ಯಾರಿಗೂ ತೊಂದರೆ ಕೊಡದೆ ಹರಿಯಿತು. ಮಕ್ಕಳು ಬಾಯಿಪಾಠ ಮಾಡಿದರು, ಬರೆದರು, ಪಾಸಾದರು. ಯಾರಾದರೂ ಎಡವಟ್ಟು ಪ್ರಶ್ನೆ ಕೇಳಿದರೆ “ಅದು ನಿಮ್ಮ ಸಿಲಬಸ್ಸಿನಲ್ಲಿ ಇಲ್ಲ” ಎಂದುಬಿಡುತ್ತಿದ್ದೆ. ಈ ಒಂದು ವಾಕ್ಯದ ನೆರಳಿನಲ್ಲಿ ಎಷ್ಟು ಜನ ಮೇಷ್ಟ್ರುಗಳು ಸುಖವಾಗಿ ಸರ್ವಿಸು ಮುಗಿಸಿದ್ದಾರೋ ಲೆಕ್ಕವಿಲ್ಲ.

ಶಾಲೆಯಲ್ಲಿ ಕರೆಂಟಿರಲಿಲ್ಲ ಸರಿ, ಕೊರಟಗೆರೆಯಲ್ಲಿದ್ದ ಮನೆಯಲ್ಲಿ ಇತ್ತಲ್ಲ. ಫ್ಯೂಸು ಹೋದಾಗ ಅದನ್ನು ಕಟ್ಟುತ್ತಿದ್ದವಳು ನನ್ನ ಹೆಂಡತಿ ಗಿರಿಜೆ. ಅವಳು ಪಾವಗಡದವಳು. ಸಮಾಧಾನದಲ್ಲಿದ್ದಾಗ ಕನ್ನಡ ಆಡುತ್ತಾಳೆ, ಕೋಪ ಬಂದಾಗ ತೆಲುಗಿಗೆ ಹಾರುತ್ತಾಳೆ. ಅವಳು ಸ್ಟೂಲಿನ ಮೇಲೆ ಹತ್ತಿ ಬಾಯಲ್ಲಿ ತಂತಿ ಕಚ್ಚಿಕೊಂಡು ಫ್ಯೂಸು ಕಟ್ಟುವಾಗ ನಾನು ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸ್ಟೂಲಿನ ಕಾಲು ಹಿಡಿದುಕೊಳ್ಳುತ್ತಿದ್ದೆ. ಜೊತೆಗೆ ರೋಧ ಎಂದರೇನು, ಅದು ಹೆಚ್ಚಾದರೆ ತಂತಿ ಹೇಗೆ ಬಿಸಿಯಾಗುತ್ತದೆ ಎಂದು ಕೆಳಗಿನಿಂದಲೇ ಅವಳಿಗೆ ವಿವರಿಸುತ್ತಲೂ ಇದ್ದೆ. “ಚಾಲು ಚಾಲು, ಸಾಕು ನಿಮ್ಮ ಪಾಠ, ನೀವು ಪಕ್ಕಕ್ಕೆ ನಿಂತ್ಕೊಂಡ್ರೆ ಬೆಳಕು ಬೀಳುತ್ತೆ” ಅನ್ನುತ್ತಿದ್ದಳು. ಇಷ್ಟಾದರೂ ಬೀದಿ ನಲ್ಲಿಯ ಹತ್ತಿರ ನನ್ನ ಮರ್ಯಾದೆ ಕಾಪಾಡಿದವಳು ಅವಳೇ. “ನಮ್ಮನೆಯವರ ಹತ್ತಿರ ಓದಿದವರು ಸೈನ್ಸಿನಲ್ಲಿ ಡುಮ್ಕಿ ಹೊಡೆದದ್ದೇ ಇಲ್ಲ” ಎಂದು ಒಂದು ದಿನ ಕೊಡ ತುಂಬುವಾಗ ಯಾರಿಗೋ ಹೇಳಿದ್ದಾಳೆ. ಆ ಮಾತು ಕೊಡದಿಂದ ಕೊಡಕ್ಕೆ ದಾಟಿ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಾಲೆ ತೆರೆದು ಒಂದೆರಡು ವಾರವಾಗಿರಬೇಕು. ಭಾನುವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತಿದ್ದಾಗ ಒಬ್ಬ ಹೆಂಗಸು ಬಟ್ಟೆಯಲ್ಲಿ ಹುರುಳಿಕಾಳು ಗಂಟು ಕಟ್ಟಿಕೊಂಡು ಬಂದು ಎದುರಿಗೆ ನಿಂತಳು. ಪೀಠಿಕೆ ಗೀಠಿಕೆ ಏನೂ ಇಲ್ಲ.

“ನಮ್ಮೆಜಮಾನ್ರನ್ನ ಕಂಬದಿಂದ ಇಳಿಸ್ಬುಡಿ ಸೋಮಿ” ಅಂದಳು.

ನಾನು ಗಾಬರಿಯಿಂದ ಎದ್ದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಕಂಬಗಳನ್ನೂ ನೋಡಿದೆ. ಒಂದರ ಮೇಲೆ ಕಾಗೆ ಇತ್ತು. “ನಾನು ಮೇಷ್ಟ್ರು ಕಣಮ್ಮ. ಕರೆಂಟ್ ಆಫೀಸು ಬಸ್ ಸ್ಟ್ಯಾಂಡಿನ ಹಿಂದೆ ಬರುತ್ತೆ, ಬೇಗ ಓಡು” ಅಂದೆ. ಒಳಗಿನಿಂದ ಗಿರಿಜೆ ನಗುತ್ತಾ ಬಂದು ಅವಳನ್ನು ಕೂರಿಸಿ, ನೀರು ಕೊಟ್ಟು, ವಿಷಯ ಬಿಡಿಸಿ ಹೇಳಿಸಿದಳು. ಅವಳ ಹೆಸರು ಈರಮ್ಮ. ಗಂಡ ಜುಂಜಣ್ಣ ನಮ್ಮೂರಿನ ಲೈನ್‌ಮ್ಯಾನು. ಶಿರಾ ತಾಲ್ಲೂಕು ಪಟ್ಟನಾಯಕನಹಳ್ಳಿಯ ಹತ್ತಿರದ ಒಂದು ಗೊಲ್ಲರ ಹಟ್ಟಿಯವರು. ಅಪ್ಪ, ತಾತ ಎಲ್ಲ ಕುರಿ ಹಿಂದೆ ಹೋದವರು. ಜುಂಜಣ್ಣ ಹುಡುಗನಾಗಿದ್ದಾಗ ಆ ಕಡೆಗೆ ಕರೆಂಟಿನ ಲೈನು ಬಂತಂತೆ. ಕಂಬ ನೆಡುವ ಗುಂಡಿ ತೋಡಲು ಕೂಲಿಗೆ ಹೋದವನು ಕಂಬದ ಜೊತೆಯಲ್ಲೇ ಮುಂದಿನ ಊರಿಗೆ, ಅಲ್ಲಿಂದ ಇನ್ನೊಂದು ಊರಿಗೆ ಹೋಗಿ, ಕೊನೆಗೆ ಕಂಬ ಹತ್ತುವ ನೌಕರಿಯಲ್ಲೇ ನಿಂತ. ಈಗ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಕೆಲಸ ಖಾಲಿಯಾಗುವುದಿತ್ತು. ಕುರ್ಚಿಯ ಮೇಲೆ ಕೂತು ಮೀಟರು ನೋಡಿ ಗಂಟೆಗೊಂದು ಸಲ ಪುಸ್ತಕದಲ್ಲಿ ಬರೆಯುವ ಕೆಲಸ. ಅದಕ್ಕೆ ಎಸ್.ಎಸ್.ಎಲ್.ಸಿ. ಆಗಿರಬೇಕು. ಜುಂಜಣ್ಣ ಕಂತಿನ ಮೇಲೆ ಒಂದೊಂದೇ ವಿಷಯ ಪಾಸು ಮಾಡಿಕೊಂಡು ಬಂದಿದ್ದ, ವಿಜ್ಞಾನವೊಂದು ಉಳಿದಿತ್ತು. ಅದರಲ್ಲಿ ಮೂರು ಸಲ ಫೇಲು. ಅದರಲ್ಲೂ ಅವನ ಕಾಲು ಹಿಡಿದೆಳೆಯುತ್ತಿದ್ದದ್ದು ವಿದ್ಯುತ್ತಿನ ಪಾಠ! ಇಡೀ ಕೊರಟಗೆರೆಗೆ ಬೆಳಕು ಕೊಡುವವನು ವಿದ್ಯುತ್ತಿನಲ್ಲಿ ಸೊನ್ನೆ ಎಂದು ಕೇಳಿ ನನಗೆ ನಗು ಬಂತು. ಕರೆಂಟೆಂದರೆ ನಡುಗುವ ನಾನು ಅದರಲ್ಲಿ ಪಂಡಿತ ಎಂಬುದು ನೆನಪಾಗಿ ನಗು ನಿಂತಿತು.

ಬರುವ ಅಕ್ಟೋಬರಿನ ಪರೀಕ್ಷೆಯೇ ಕೊನೆಯದು. ಅದರಲ್ಲಿ ಆಗದಿದ್ದರೆ ವಯಸ್ಸು ಮೀರುತ್ತದೆ, ಆಮೇಲೆ ಪಾಸಾದರೂ ಪ್ರಯೋಜನವಿಲ್ಲ. ಈರಮ್ಮನ ಕಣ್ಣಲ್ಲಿ ನೀರು ಗೀರು ಇರಲಿಲ್ಲ, ಸಂತೆಯ ವಿಷಯ ಮಾತಾಡುವ ಹಾಗೆ ಹೇಳಿದಳು. “ಪಾವಗಡದ ಕಡೆ ಅವರ ಜೊತೆಗಾರ ಒಬ್ರು ಕಂಬದಿಂದ ಬಿದ್ದು ನಡ ಮುರ್ಕಂಡ್ರು ಸೋಮಿ. ಅವತ್ತಿಂದ ನಂಗೆ ನೆಮ್ಮದಿ ಇಲ್ಲ. ಮನೇಲಿ ಬಲ್ಬು ಆರ್ತು ಅಂದ್ರೆ ಇವ್ರು ಮ್ಯಾಲವ್ರೆ ಅಂತ ಲೆಕ್ಕ. ಲೈನು ಆಫ್ ಮಾಡ್ಸಿ ತಾನೆ ಹತ್ತಾದು? ಅದು ಮತ್ತೆ ಹತ್ಕಳೋವರ್ಗೂ ನಂಗೆ ಕೈಕಾಲು ಆಡಾಕಿಲ್ಲ. ಹಿಟ್ಟಿಗೆ ಎಸರಿಟ್ಟಿದ್ರೆ ಅಂಗೇ ನಿಂತಿರ್ತೀನಿ.” ಕರೆಂಟು ಹೋದರೆ ನಾವೆಲ್ಲ ಕರೆಂಟ್ ಆಫೀಸಿನವರನ್ನು ಬೈದುಕೊಂಡು ಬೀಸಣಿಗೆ ಹುಡುಕುತ್ತಿದ್ದೆವು. ಅದೇ ಹೊತ್ತಿನಲ್ಲಿ ನಾಲ್ಕು ಬೀದಿಯಾಚೆ ಒಬ್ಬ ಹೆಂಗಸು ಒಲೆಯ ಮುಂದೆ ಉಸಿರು ಹಿಡಿದು ಬಲ್ಬು ನೋಡುತ್ತಾ ನಿಂತಿರುತ್ತಾಳೆ ಎಂದು ನಾನು ಒಂದು ದಿನವೂ ಎಣಿಸಿರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ನಾನು ಒಪ್ಪಿಕೊಳ್ಳುವ ಮೊದಲೇ ಗಿರಿಜೆ ಒಪ್ಪಿಕೊಂಡು ಹುರುಳಿಕಾಳನ್ನು ಒಳಗೆ ತೆಗೆದುಕೊಂಡು ಹೋಗಿದ್ದಳು.

ಮಾರನೆಯ ದಿನದಿಂದ ಬೆಳಿಗ್ಗೆ ಆರೂವರೆಗೆ ಜುಂಜಣ್ಣ ಹಾಜರು. ನಲವತ್ತರ ಹತ್ತಿರದ ಆಳು, ಉದ್ದನೆಯ ತೋಳು. ಸೊಂಟದ ಬೆಲ್ಟಿನಲ್ಲಿ ಕಟಿಂಗ್ ಪ್ಲೇಯರು ಸಿಕ್ಕಿಸಿಕೊಂಡೇ ಬರುತ್ತಿದ್ದ. ಪಾಠ ಮುಗಿಸಿ ನೇರ ಲೈನಿಗೆ ಹೋಗಬೇಕಲ್ಲ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಹೇಳಿದ್ದಕ್ಕೆಲ್ಲ “ಸರಿ ಸಾ” ಅನ್ನುತ್ತಿದ್ದ. ಮೊದಲನೆಯ ದಿನವೇ ಜಗಳ ಆಯಿತು. ನಾನು ಒಂದು ಬ್ಯಾಟರಿ, ಒಂದು ಬಲ್ಬು ಬರೆದು, ಧನಾಗ್ರದಿಂದ ಋಣಾಗ್ರಕ್ಕೆ ಬಾಣ ಹಾಕಿ, “ವಿದ್ಯುತ್ ಹೀಗೆ ಹರಿಯುತ್ತದೆ ಎಂದು ಇಟ್ಟುಕೊಂಡಿದ್ದೇವೆ. ಎಲೆಕ್ಟ್ರಾನುಗಳು ಮಾತ್ರ ಇದಕ್ಕೆ ತಿರುಗುಮುರುಗಾಗಿ ಹೋಗುತ್ತವೆ” ಅಂದೆ. ಹನ್ನೊಂದು ವರ್ಷ ಮಕ್ಕಳು ಚಕಾರವೆತ್ತದೆ ಬರೆದುಕೊಂಡ ಮಾತು. ಜುಂಜಣ್ಣ ಪೆನ್ನು ಕೆಳಗಿಟ್ಟ.

“ಅದೆಂಗೆ ಸಾ? ಕರೆಂಟು ಬರಾದು ಮಧುಗಿರಿಯಿಂದ. ಬಂದು ಕೊರಟಗೆರೇಲಿ ಉರಿಯಾದು. ಈಗ ನೀವು ಇಲ್ಲಿಂದ ಮಧುಗಿರಿಗೆ ಹೋಯ್ತದೆ ಅಂತೀರ. ಅಂಗೇನಾರ ಇದ್ದಿದ್ರೆ ನಮ್ಮ ಲೈನಿನ ಮ್ಯಾಲೆ ಇಷ್ಟು ವರ್ಷದಾಗೆ ಒಂದಿನಾನಾರ ಗೊತ್ತಾಗ್ತಿರಲಿಲ್ವಾ?”

ಅದು ಸಿಲಬಸ್ಸಿನಲ್ಲಿ ಇಲ್ಲ ಎನ್ನಲು ಬಾಯಿ ತೆರೆದೆ. ಇದ್ದದ್ದೇ ಅದು. ಅರ್ಧ ಗಂಟೆ ಒದ್ದಾಡಿದ ಮೇಲೆ ಒಂದು ಉಪಾಯ ಹೊಳೆಯಿತು. ಬ್ಯಾಟರಿಯ ಧನಾಗ್ರದ ಪಕ್ಕದಲ್ಲಿ ‘ಮಧುಗಿರಿ’ ಎಂದು ಬರೆದೆ, ಋಣಾಗ್ರದ ಪಕ್ಕದಲ್ಲಿ ‘ಕೊರಟಗೆರೆ’. “ನೀನು ಎಲೆಕ್ಟ್ರಾನಿನ ಮಾತು ಮರೆತುಬಿಡು. ಪರೀಕ್ಷೆಯಲ್ಲಿ ಬಾಣ ಹಾಕು ಅಂದರೆ ಮಧುಗಿರಿಯಿಂದ ಹಾಕು, ಕೊರಟಗೆರೆಗೆ ತಂದು ಬಿಡು” ಅಂದೆ. ಅವನ ಮುಖ ಅರಳಿತು. ಹಾಗೆ ನೋಡಿದರೆ ಅದೂ ಪೂರ್ತಿ ಸರಿಯಲ್ಲ, ಭೌತಶಾಸ್ತ್ರ ಬಲ್ಲವರು ಕೇಳಿದರೆ ನನ್ನನ್ನು ಅಲ್ಲೇ ಕಂಬಕ್ಕೆ ಕಟ್ಟುತ್ತಿದ್ದರು. ಆದರೆ ಅಂದಿನಿಂದ ಪಾಠ ಸರಾಗವಾಗಿ ಓಡಿತು. ಸರಣಿ ಜೋಡಣೆ ಅಂದರೆ ಮಧುಗಿರಿಯಿಂದ ಹೊರಟ ಒಂದೇ ಲೈನು ಊರೂರು ದಾಟಿ ಬರುವುದು. ನಡುವೆ ಎಲ್ಲಾದರೂ ಕಡಿದರೆ ಮುಂದಿನವರಿಗೆಲ್ಲ ಕತ್ತಲೆ. ಸಮಾಂತರ ಜೋಡಣೆ ಅಂದರೆ ಒಂದೇ ಬೀದಿಯ ಮನೆಗಳು. ಒಬ್ಬನ ಮನೆಯ ದೀಪ ಆರಿದರೆ ಪಕ್ಕದವನಿಗೆ ಚಿಂತೆಯಿಲ್ಲ. ಆರು ಓಮ್ ಮತ್ತು ಮೂರು ಓಮ್ ರೋಧಗಳನ್ನು ಸಮಾಂತರವಾಗಿ ಜೋಡಿಸಿದರೆ ಎರಡು ಓಮ್ ಆಗುತ್ತದೆ ಎಂಬ ಲೆಕ್ಕವನ್ನು ನಾನು ವರ್ಷಗಟ್ಟಲೆ ಮಾಡಿಸಿದ್ದೇನೆ. ಎರಡು ಸೇರಿದರೆ ಕಡಿಮೆ ಯಾಕಾಗಬೇಕು ಎಂದು ನನಗೇ ಯಾವತ್ತೂ ಅರ್ಥವಾಗಿರಲಿಲ್ಲ. ಜುಂಜಣ್ಣ ಉತ್ತರ ನೋಡಿ, “ಆಗಲೇಬೇಕಲ್ವಾ ಸಾ. ಹೊಸ ಮನೆ ಸೇರ್ದಷ್ಟೂ ಕರೆಂಟಿಗೆ ಹೋಗಾಕೆ ದಾರಿ ಜಾಸ್ತಿ ಆಯ್ತದೆ. ಅದಕ್ಕೇ ಅಲ್ವಾ ಮದುವೆ ಸೀಜನ್ನಾಗೆ ಫ್ಯೂಸು ಹಾರಾದು?” ಅಂದ. ನಾನು ಬಹಳ ಗಂಭೀರವಾಗಿ “ಹೂಂ, ಈಗ ಸರಿಯಾಗಿ ಅರ್ಥವಾಗಿದೆ ನಿನಗೆ” ಎಂದು ಹೇಳಿ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಕಾಂತತ್ವದ ಭಾಗಕ್ಕೆ ಬಂದಾಗ ನಾನು ಶಾಲೆಯ ದಿಕ್ಸೂಚಿಯನ್ನು ಹೆಡ್ಮಾಸ್ಟರ ಅಪ್ಪಣೆ ಪಡೆದು ಮನೆಗೆ ತಂದೆ. ತಂತಿಯಲ್ಲಿ ವಿದ್ಯುತ್ ಹರಿಯುವಾಗ ಹತ್ತಿರ ಹಿಡಿದರೆ ಮುಳ್ಳು ತಿರುಗುತ್ತದೆ ಎಂದು ಓದಿ ಹೇಳಿದೆ. ತೋರಿಸಲು ನನಗೆ ಮನಸ್ಸಿರಲಿಲ್ಲ, ಸೆಲ್ಲೂ ಸತ್ತಿತ್ತು. ಜುಂಜಣ್ಣ “ಒಂದಿನ ಕೊಟ್ಟಿರಿ ಸಾ” ಎಂದು ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಮಾರನೆಯ ದಿನ ಬಂದವನ ಮುಖ ಸಪ್ಪಗಿತ್ತು. ಊರಿನ ಯಾವ ಯಾವ ತಂತಿಯ ಹತ್ತಿರ ಹಿಡಿದು ನೋಡಿದನೋ, ಮುಳ್ಳು ಅಲುಗಾಡಲೇ ಇಲ್ಲವಂತೆ. ನಮ್ಮ ಮನೆಗಳಿಗೆ ಬರುವ ಕರೆಂಟು ಕ್ಷಣಕ್ಷಣಕ್ಕೂ ದಿಕ್ಕು ಬದಲಾಯಿಸುವುದರಿಂದ ಮುಳ್ಳಿಗೆ ತಿರುಗಲು ಪುರುಸೊತ್ತಾಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ಬೆಳಿಗ್ಗೆ ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಜುಂಜಣ್ಣನೇ, “ನೀವು ಹೇಳಿದ್ದು ಸರಿಯಾಗೇ ಇರ್ತದೆ ಸಾ. ಈ ಮುಳ್ಳೇ ಕೆಟ್ಟೋಗೈತೆ. ಹಳೇದು ನೋಡಿ” ಅಂದ. ಉತ್ತರಕ್ಕೆ ಮುಖ ಮಾಡಿ ಸರಿಯಾಗೇ ನಿಂತಿದ್ದ ಮುಳ್ಳನ್ನು ನಾನೂ ನೋಡಿ, “ಹೌದು, ಹಳೇದು” ಅಂದೆ. ಒಂದು ಬಡ ಸೂಜಿಯ ಮೇಲೆ ತಪ್ಪು ಹೊರಿಸಿ ನಾವಿಬ್ಬರೂ ಮುಂದಿನ ಪುಟಕ್ಕೆ ಹೋದೆವು.

ಮುಂದಿನ ಪುಟದಲ್ಲಿದ್ದದ್ದು ಡೈನಮೋ. ಕಾಂತದ ನಡುವೆ ತಂತಿಯನ್ನು ಸರಿಸಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಅದು ಯಾವ ಕಡೆಗೆ ಹರಿಯುತ್ತದೆ ಎಂದು ಮೂರು ಬೆರಳು ಚಾಚಿ ಕಂಡುಹಿಡಿಯಬೇಕು. ಹೆಬ್ಬೆರಳು ತಂತಿ ಸರಿಯುವ ಕಡೆ, ತೋರುಬೆರಳು ಕಾಂತಕ್ಷೇತ್ರದ ಕಡೆ, ನಡುಬೆರಳು ಕರೆಂಟಿನ ಕಡೆ. ಇದು ನನಗೆ ಪ್ರಿಯವಾದ ಭಾಗ. ಯಾವ ತಂತಿಯನ್ನೂ ಮುಟ್ಟದೆ ಬರೀ ಗಾಳಿಯಲ್ಲಿ ಕೈ ಆಡಿಸಿ ಮಾಡುವ ಪಾಠ. ನಾನು ಬಹಳ ಉತ್ಸಾಹದಿಂದ ಅವನಿಗೆ ತೋರಿಸಿದೆ. ಅವನು ನನ್ನ ಕೈಯನ್ನು ನೋಡಿದ, ಪುಸ್ತಕ ನೋಡಿದ, ಮತ್ತೆ ಕೈಯನ್ನು ನೋಡಿದ. “ಗೊತ್ತಾಯ್ತಾ?” ಅಂದೆ. “ಸರಿ ಸಾ” ಅಂದ. ಅಲ್ಲಿಗೆ ಪಾಠ ಮುಗಿಯಿತು.

ಪರೀಕ್ಷೆ ಮಧುಗಿರಿಯಲ್ಲಿ. ಈರಮ್ಮ ಅವನ ಹಣೆಗೆ ಇಷ್ಟಗಲ ವಿಭೂತಿ ಹಚ್ಚಿ ಬಸ್ಸಿಗೆ ಕಳಿಸಿದಳು. ಅವತ್ತು ಊರಿನಲ್ಲಿ ಯಾವ ಕಂಬದ ಮೇಲೂ ಅವನಿಲ್ಲ ಎಂದು ಗೊತ್ತಿದ್ದರೂ ಅವಳು ದಿನವಿಡೀ ನಮ್ಮ ಮನೆಯಲ್ಲೇ ಕೂತು ಗಿರಿಜೆಯ ಜೊತೆ ಹುಣಸೆಹಣ್ಣು ಬಿಡಿಸಿದಳು. ಸಂಜೆ ಐದಕ್ಕೆ ಜುಂಜಣ್ಣ ಬಸ್ಸಿಳಿದವನು ನೇರ ನಮ್ಮ ಜಗಲಿಗೇ ಬಂದ. ನಾನು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಒಂದೊಂದಾಗಿ ವಿಚಾರಿಸಿದೆ. ಲೆಕ್ಕ ಮಾಡಿದ್ದ. ಸರ್ಕ್ಯೂಟಿನ ಚಿತ್ರ ಬರೆದಿದ್ದ, ಆದರೆ ಅಭ್ಯಾಸಬಲದಿಂದ ಬ್ಯಾಟರಿಯ ಪಕ್ಕದಲ್ಲಿ ಮಧುಗಿರಿ ಎಂದು ಬರೆದಿದ್ದ. “ಆಮ್ಯಾಕೆ ಗ್ಯಾಪಕ ಬಂದು ಹೊಡೆದಾಕಿ ಧನಾಗ್ರ ಅಂತ ಬರೆದೆ ಸಾ. ಕೊರಟಗೆರೆ ಮಾತ್ರ ಅಂಗೇ ಉಳ್ಕಂಬುಡ್ತು.” ಯಾವ ಊರಿನ ಯಾವ ಮೇಷ್ಟ್ರು ಆ ಉತ್ತರಪತ್ರಿಕೆ ತಿದ್ದುತ್ತಾ ಬ್ಯಾಟರಿಯ ತುದಿಯಲ್ಲಿ ಕೊರಟಗೆರೆಯನ್ನು ಕಂಡು ಏನೆಂದುಕೊಂಡರೋ. ವಿದ್ಯುತ್ ಬಳಸುವಾಗ ವಹಿಸಬೇಕಾದ ಎರಡು ಮುನ್ನೆಚ್ಚರಿಕೆ ಬರೆಯಿರಿ ಎಂಬ ಎರಡಂಕದ ಪ್ರಶ್ನೆಗೆ ಮೂರು ಪುಟ ಬರೆದಿದ್ದ. ಫೋನು ಮಾಡಿ ಲೈನು ಬಂದ್ ಮಾಡಿಸುವುದು, ಬಂದ್ ಮಾಡಿದವರ ಹೆಸರು ಬರೆದುಕೊಳ್ಳುವುದು, ತಂತಿಗೆ ಸರಪಳಿ ಹಾಕಿ ನೆಲಕ್ಕೆ ಅರ್ಥಿಂಗ್ ಕೊಡುವುದು, ಮಳೆಯಲ್ಲಿ ಹತ್ತಬಾರದು, ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಹತ್ತಲೇಬಾರದು, ಎಲ್ಲವೂ ಇತ್ತು. ಇದೆಲ್ಲ ಕೇಳಿ ನಗುತ್ತಾ ಡೈನಮೋದ ಪ್ರಶ್ನೆಗೆ ಬಂದೆ. ನಾಲ್ಕು ಅಂಕ. ಬಲಗೈ ನಿಯಮವನ್ನು ನಿರೂಪಿಸಿ, ಚಿತ್ರದಲ್ಲಿ ವಿದ್ಯುತ್ತಿನ ದಿಕ್ಕು ಗುರುತಿಸಿ.

“ಅದನ್ನ ಬುಟ್ಟೆ ಸಾ” ಅಂದ.

“ಯಾಕೆ? ಮರೆತುಹೋಯ್ತಾ?”

“ಇಲ್ಲ ಸಾ.” ತನ್ನ ಬೆರಳುಗಳನ್ನು ನೋಡಿಕೊಂಡ. “ಪುಸ್ತಕದಾಗೆ ಬಲಗೈ ಅಂತೈತೆ. ನೀವ್ ತೋರ್ಸಿದ್ದು ಎಡಗೈ. ನಮ್ಮ ಕೆಲಸದಾಗೆ ಒಂದು ರೂಲ್ಸೈತೆ. ಲೈನು ಆಫ್ ಆಗೈತೆ ಅಂತ ಒಬ್ಬ, ಇಲ್ಲ ಅಂತ ಇನ್ನೊಬ್ಬ ಹೇಳಿದ್ರೆ, ಯಾರು ದೊಡ್ಡೋರು ಯಾರು ಚಿಕ್ಕೋರು ಅಂತ ನೋಡಾಂಗಿಲ್ಲ. ತಂತಿ ಮುಟ್ಟಾಂಗಿಲ್ಲ, ಅಷ್ಟೆ. ಅದಕ್ಕೇ ಮುಟ್ಟಲಿಲ್ಲ.”

ನಾನು “ಛೆ ಛೆ, ನಾನು ಎಡಗೈ ಯಾಕೆ ತೋರಿಸಲಿ?” ಅನ್ನುತ್ತಾ ಎದ್ದು ನಿಂತು, ತರಗತಿಯಲ್ಲಿ ನಿಲ್ಲುವ ಹಾಗೆಯೇ ನಿಂತು, ಮೂರು ಬೆರಳು ಚಾಚಿದೆ. ಚಾಚಿದ್ದು ಎಡಗೈ. ನನ್ನ ಬಲಗೈ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಅಂದರೆ ಇಲ್ಲದ ಸೀಮೆಸುಣ್ಣವನ್ನು ಹಿಡಿದುಕೊಂಡಿತ್ತು. ಹನ್ನೊಂದು ವರ್ಷದಿಂದ ಬಲಗೈಯಲ್ಲಿ ಸೀಮೆಸುಣ್ಣ ಇದ್ದದ್ದರಿಂದ ಬಿಡುವಾಗಿದ್ದ ಎಡಗೈಯಲ್ಲೇ ಬಲಗೈ ನಿಯಮವನ್ನು ತೋರಿಸುತ್ತಾ ಬಂದಿದ್ದೆ. ಬಾಯಿ ಬಲಗೈ ಎನ್ನುತ್ತಿತ್ತು, ಕೈ ಮಾತ್ರ ಎಡಗೈ. ಎಡಗೈಯಲ್ಲಿ ನೋಡಿದರೆ ಕರೆಂಟು ಪೂರ್ತಿ ಉಲ್ಟಾ ಹರಿಯುತ್ತದೆ. ಮಕ್ಕಳು ಬಾಯಿ ಹೇಳಿದ್ದನ್ನು ಉರು ಹೊಡೆದು ಪಾಸಾಗಿದ್ದರು. ನನ್ನ ಕೈಯನ್ನು ನಂಬಿದವನು ಇಷ್ಟು ವರ್ಷಗಳಲ್ಲಿ ಇವನೊಬ್ಬನೇ.

ಅಲ್ಲೇ ಒಪ್ಪಿಕೊಳ್ಳಬೇಕಾಗಿತ್ತು. ಈರಮ್ಮ ಬಾಗಿಲಲ್ಲಿ ನಿಂತಿದ್ದಳು, ಗಿರಿಜೆ ಅವಳ ಹಿಂದಿದ್ದಳು. ನಾನು ಕೈಯನ್ನು ನಿಧಾನವಾಗಿ ಕೆಳಗಿಳಿಸಿ, “ಇರಲಿ, ನಾಲ್ಕು ಅಂಕ ತಾನೆ” ಅಂದೆ. ರಾತ್ರಿ ಪ್ರಶ್ನೆಪತ್ರಿಕೆ ಹಿಡಿದು ಕೂತೆ. ಅವನು ಹೇಳಿದ ಉತ್ತರಗಳಿಗೆ ಧಾರಾಳವಾಗಿ ಅಂಕ ಹಾಕಿ ಕೂಡಿದೆ, ಮೂವತ್ತಮೂರು ಬಂತು. ಇನ್ನೂ ಧಾರಾಳವಾಗಿ ಕೂಡಿದೆ, ಮೂವತ್ತನಾಲ್ಕು. ಮೂವತ್ತೈದಕ್ಕೆ ಪಾಸು. ಗಿರಿಜೆಗೆ ಹೇಳಿಕೊಂಡಾಗ ಅವಳು ತಲೆಯ ಮೇಲೆ ಕೈ ಹೊತ್ತು, “ಅಯ್ಯೋ ರಾಮಾ, ಏಂಟಿದಿ, ಏನ್ರೀ ಇದು! ಆಯಮ್ಮನ ಗಂಡ ಮತ್ತೆ ಕಂಬ ಹತ್ತಬೇಕೇನ್ರೀ ನಿಮ್ಮಿಂದ? ಹೋಗಿ ಅವರ ಹತ್ರ ತಪ್ಪಾಯ್ತು ಅನ್ನಿ” ಅಂದಳು. ಹೋಗುತ್ತೇನೆ ಅಂದೆ. ಹೋಗಲಿಲ್ಲ.

ಫಲಿತಾಂಶ ಬರುವವರೆಗಿನ ಆ ಎರಡು ತಿಂಗಳು ನಾನು ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಎತ್ತಿದರೆ ಕಂಬ ಕಾಣುತ್ತಿತ್ತು. ಮನೆಯಲ್ಲಿ ಬಲ್ಬು ಆರಿದರೆ ನಾನೂ ಕೂತಲ್ಲೇ ಕೂತಿರುತ್ತಿದ್ದೆ. ಶಾಲೆಯಲ್ಲಿ ಮಾತ್ರ ತಪ್ಪನ್ನು ತಿದ್ದುವ ಧೈರ್ಯ ಮಾಡಿದೆ. ಅದನ್ನು ಹೇಗೆ ಮಾಡಿದೆನೆಂದು ಹೇಳಿದರೆ ನೀವು ನನ್ನ ಧೈರ್ಯವನ್ನು ಅಳೆಯಬಹುದು. ಹತ್ತನೆಯ ತರಗತಿಯ ಮುಂದೆ ನಿಂತು, “ಮಕ್ಕಳೇ, ಕೆಲವರು ಅಜಾಗರೂಕತೆಯಿಂದ ಈ ನಿಯಮವನ್ನು ಎಡಗೈಯಲ್ಲಿ ತೋರಿಸುವುದುಂಟು. ಅದು ತಪ್ಪು” ಎಂದು ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು “ಸಾರ್, ಹೋದ ವಾರ ನೀವೇ…” ಅಂದಳು. “ಕೂತ್ಕೋ. ಪಾಠದ ಮಧ್ಯೆ ಮಾತಾಡಬಾರದು” ಅಂದೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಈರಮ್ಮನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ. ಜುಂಜಣ್ಣ ಅಂಗಿಯ ಒಳಗಿನಿಂದ ಮಾರ್ಕ್ಸ್ ಕಾರ್ಡು ತೆಗೆದು ಎರಡು ಕೈಯಲ್ಲೂ ಹಿಡಿದು ಕೊಟ್ಟ. ವಿಜ್ಞಾನ, ಮೂವತ್ತೈದು. ನಾನು ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದೆ. ಆ ಒಂದು ಅಂಕವೋ ಎರಡೋ ಎಲ್ಲಿಂದ ಬಂತೋ ಗೊತ್ತಿಲ್ಲ. ಆ ಮೂರು ಪುಟದ ಮುನ್ನೆಚ್ಚರಿಕೆ ಓದಿ ಯಾವನೋ ಪುಣ್ಯಾತ್ಮ ಮೇಷ್ಟ್ರು ಮನಸ್ಸು ಕರಗಿಸಿಕೊಂಡಿರಬೇಕು. ಈರಮ್ಮ ತಟ್ಟೆಯನ್ನು ನನ್ನ ಮುಂದಿಟ್ಟು, “ನೀವಿಲ್ದಿದ್ರೆ ಆಗ್ತಿರಲಿಲ್ಲ ಸೋಮಿ” ಎಂದು ಕಾಲು ಮುಟ್ಟಲು ಬಗ್ಗಿದಳು. ನಾನು ಹೌಹಾರಿ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡೆ. ಅವಳು ಗಿರಿಜೆಯ ಜೊತೆ ಒಳಗೆ ಹೋದ ಮೇಲೆ ನನ್ನ ಕೈಲಿ ತಡೆಯಲಾಗಲಿಲ್ಲ.

“ಜುಂಜಣ್ಣ, ಆ ನಾಲ್ಕಂಕದ ಪ್ರಶ್ನೆಯಲ್ಲಿ ತಪ್ಪು ನನ್ನದಪ್ಪ. ಪುಸ್ತಕದಲ್ಲಿದ್ದದ್ದೇ ಸರಿ. ನೀನು ಬಲಗೈ ಅಂತ ಬರೆದಿದ್ದರೆ ಸರಿಯಾಗಿರುತ್ತಿತ್ತು” ಅಂದೆ.

“ಗೊತ್ತಿತ್ತು ಸಾ” ಅಂದ.

“ಗೊತ್ತಿತ್ತಾ?”

“ಮೂರು ಸಲ ಕಟ್ಟಿದ್ನಲ್ಲ ಸಾ, ಅದೊಂದು ಚೆನ್ನಾಗಿ ಬಾಯಿಗೆ ಬಂದಿತ್ತು.”

“ಮತ್ತೆ ಯಾಕಯ್ಯಾ ಬಿಟ್ಟೆ? ಅದು ನಿನ್ನ ಕೊನೇ ಪರೀಕ್ಷೆ! ಫೇಲಾಗಿದ್ದರೆ?”

ಜುಂಜಣ್ಣ ಒಳಗಿನ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದ. “ನಾಕು ತಿಂಗಳು ನಿಮ್ಮ ಜಗಲೀಲಿ ಕೂತು ಕಾಫಿ ಕುಡ್ದು, ಆಮ್ಯಾಕೆ ನಿಮ್ಮದು ತಪ್ಪು ಅಂತ ಬರೆದು ಪಾಸಾಗಾದು ಹೆಂಗೆ ಸಾ? ಫೇಲಾಗಾದು ನಂಗೆ ಅಭ್ಯಾಸ ಐತೆ. ತಪ್ಪು ಅನ್ನಿಸ್ಕಳಾದು ನಿಮಗೆ ಅಭ್ಯಾಸ ಇಲ್ಲ.”

ಅವನು ಆಪರೇಟರಾಗಿ ಕುರ್ಚಿಯ ಮೇಲೆ ಕೂತು ಎಷ್ಟೋ ವರ್ಷಗಳಾದವು. ಅವನು ಹೇಳಿದ ಆ ಅಭ್ಯಾಸವನ್ನು ನಾನು ಅಂದಿನಿಂದ ಮಾಡಿಕೊಳ್ಳುತ್ತಿದ್ದೇನೆ. ತರಗತಿಯಲ್ಲಿ ಇನ್ನೂ ಅಷ್ಟಾಗಿ ಕೈ ಹತ್ತಿಲ್ಲ. ಮನೆಯಲ್ಲಿ ಗಿರಿಜೆ ದಿನಾ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಪಾಠ ಮಾಡುತ್ತಿದ್ದಾಳೆ.